ಹಿಮ ಮಾಡುವ ಯಂತ್ರ, ಚಳಿಯ ದಾಕ್ಷಿಣ್ಯ

ಹಿಮವನ್ನು ಕಣ್ಣಾರೆ ಕಂಡು ಬರಬೇಕೆಂಬ ಹಂಬಲವು ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಗೃಹಸ್ಥರಲ್ಲಿ ಇತ್ತೀಚಿನ ವರ್ಷಗಳಲ್ಲಿ ಎಷ್ಟು ಪ್ರಬಲವಾಗಿದೆಯೆಂದರೆ, ಹಿಂದೆ ಕ್ರಿಸ್ಮಸ್ ರಜೆ ಬಂತೆಂದರೆ ಧರ್ಮಸ್ಥಳ, ಹೊರನಾಡು, ಶೃಂಗೇರಿಗಳ ದಾರಿ ಹಿಡಿಯುತ್ತಿದ್ದ ಕುಟುಂಬಗಳೇ ಈಗ ಡೆಹ್ರಾಡೂನಿನ ವಿಮಾನಕ್ಕೆ ತಿಂಗಳುಗಳ ಮೊದಲೇ ಟಿಕೆಟ್ಟು ಮಾಡಿಸಿ, ಮಕ್ಕಳಿಗೆ ಸ್ವೆಟರು, ಕೈಗವುಸು, ಮಂಕಿ ಟೋಪಿಗಳನ್ನು ಕೊಂಡು, ಜೋಶಿಮಠದ ಮೇಲಣ ಔಲಿಗೆ ಹೊರಟುಬಿಡುವುದು ಸಾಮಾನ್ಯವಾಗಿದೆ. ಕೆಂಗೇರಿಯ ಕಡೆಯ ಕಾಲೇಜುಗಳ ಹುಡುಗರಂತೂ ಬೆನ್ನಿಗೆ ಚೀಲ ಕಟ್ಟಿಕೊಂಡು ಅದೇ ಔಲಿಯ ನೆತ್ತಿಯಲ್ಲಿ ಹಾದುಹೋಗುವ ಕ್ವಾರಿ ಕಣಿವೆಯ ದಾರಿಯಲ್ಲಿ ಚಾರಣ ಮಾಡುತ್ತಾರೆ. ಹೋದವರು ಹಿಂತಿರುಗಿ ತೋರಿಸುವ ಚಿತ್ರಗಳಲ್ಲಿ ನಂದಾದೇವಿಯ ಶಿಖರ ಬೆಳ್ಳಗೆ ಹೊಳೆಯುತ್ತಿರುತ್ತದೆ. ಆದರೆ ಅವರ ಕಾಲಡಿಯಲ್ಲಿ ಇರುವುದು ಕಂದು ಬಣ್ಣದ ಒಣಹುಲ್ಲು. ಇದನ್ನು ಕಂಡ ನಮ್ಮ ಬೀದಿಯ ಹಿರಿಯರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಮೂಲ: “ಅಲ್ಲಿ ಹಿಮ ಮಾಡುವ ಮಿಷನ್ನೇ ಇಟ್ಟಿದ್ದಾರಂತಲ್ಲಪ್ಪ, ಅದನ್ನು ಹಾಕಿದ್ದರೆ ಆಗುತ್ತಿರಲಿಲ್ಲವೇ?”

ಬೆಂಗಳೂರಿನಲ್ಲಿ ಬೆಳೆದವರಿಗೆ ಈ ಪ್ರಶ್ನೆ ಸಹಜವೇ ಸರಿ. ಈ ಊರಿನ ಹವಾಮಾನದ ದಾಖಲೆಯಲ್ಲಿ ಅತ್ಯಂತ ಕೆಳಗಿಳಿದ ಉಷ್ಣತೆಯೆಂದು ಬರೆದಿರುವುದು 1884ರ ಜನವರಿಯ 7.8 ಡಿಗ್ರಿಯನ್ನು, ಆಕಾಶದಿಂದ ಬೀಳುವ ಮಂಜುಗಡ್ಡೆಯೆಂದರೆ ನಮಗೆ ಏಪ್ರಿಲ್, ಮೇ ತಿಂಗಳ ಆಲಿಕಲ್ಲು ಮಾತ್ರ. ಹಾಗೆಂದು ಕನ್ನಡಿಗರಿಗೂ ಹಿಮಕ್ಕೂ ನಂಟೇ ಇಲ್ಲವೆನ್ನಲಾಗದು. ಕೇದಾರನಾಥ ದೇವಾಲಯದ ಮುಖ್ಯ ಗುರುಗಳಾದ ರಾವಲರು ಪರಂಪರೆಯಿಂದ ವೀರಶೈವರು. ನಮ್ಮ ಬಾಳೇಹೊನ್ನೂರು, ಉಜ್ಜಿನಿಗಳೊಡನೆ ಪಂಚಪೀಠಗಳ ಸಾಲಿನಲ್ಲಿ ನಿಲ್ಲುವ ಕೇದಾರ ಪೀಠವು ಊಖೀಮಠದಲ್ಲಿದೆ. ಶೃಂಗೇರಿಯ ಹಾಗೆಯೇ ಆದಿಶಂಕರರ ನಾಲ್ಕು ಪೀಠಗಳಲ್ಲಿ ಒಂದೆಂದು ಪೂಜ್ಯವಾದ ಜ್ಯೋತಿರ್ಮಠವೇ ಈಗಿನ ಜೋಶಿಮಠ. ಆದರೆ ಆ ಹಳೆಯ ನಂಟಿನಲ್ಲಿ ಹಿಮ ಬಂತೆಂದರೆ ಮನುಷ್ಯನು ವಿನಯದಿಂದ ಕೆಳಗಿಳಿಯುತ್ತಿದ್ದನು: ದೀಪಾವಳಿ ಕಳೆಯುತ್ತಲೇ ಕೇದಾರದ ಬಾಗಿಲು ಮುಚ್ಚಿ, ಉತ್ಸವಮೂರ್ತಿಯು ಊಖೀಮಠಕ್ಕೆ ಇಳಿದು, ಚಳಿಗಾಲದ ಪೂಜೆ ಅಲ್ಲಿಯೇ ನಡೆಯುವ ಪದ್ಧತಿ ಇಂದಿಗೂ ಉಂಟು. ಈಗಿನ ನಮ್ಮ ಅಪೇಕ್ಷೆಯಾದರೋ, ನಾವು ಟಿಕೆಟ್ಟು ಮಾಡಿಸಿದ ತಾರೀಖಿಗೆ ಹಿಮವೇ ಸಿದ್ಧವಾಗಿ ಕಾದಿರಬೇಕೆಂಬುದು.

ಔಲಿಯು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಎರಡೂವರೆ ಸಾವಿರದಿಂದ ಮೂರು ಸಾವಿರ ಮೀಟರುಗಳವರೆಗೆ ಏರಿಹೋಗುವ ಹುಲ್ಲುಗಾವಲಿನ ಇಳಿಜಾರು. ಯೂರೋಪಿನ ವಿಸ್ತಾರವಾದ ಸ್ಕೀ ನೆಲೆಗಳ ಪಕ್ಕದಲ್ಲಿಟ್ಟು ನೋಡಿದರೆ ಇದೊಂದು ಸಣ್ಣ ಅಂಗಳ. 2011ರ ಜನವರಿಯಲ್ಲಿ ಡೆಹ್ರಾಡೂನ್ ಮತ್ತು ಔಲಿಗಳಲ್ಲಿ ನಡೆದ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ನೆವದಿಂದ ಈ ಅಂಗಳಕ್ಕೆ ಅಂತರರಾಷ್ಟ್ರೀಯ ಸಾಮಗ್ರಿಗಳು ಬಂದವು: ಕುರ್ಚಿಗಳ ತೂಗುಹಾದಿ, ಇಳಿಜಾರನ್ನು ಹದಗೊಳಿಸುವ ವಾಹನಗಳು, ಬೆಟ್ಟದ ಮೇಲ್ಭಾಗದಲ್ಲಿ ತೋಡಿಸಿದ ಒಂದು ಕೃತಕ ಕೊಳ, ಆ ಕೊಳದ ನೀರನ್ನು ಕುಡಿದು ಹಿಮವಾಗಿ ಉಗುಳತಕ್ಕ ಸ್ನೋ ಗನ್ನುಗಳು. ಆಕಾಶವು ಕೈಕೊಟ್ಟರೂ ಯಂತ್ರವು ಕೈಬಿಡದೆಂಬ ಭರವಸೆಯಿಂದ ಅಷ್ಟು ಖರ್ಚು ನಡೆದದ್ದು. ಆ ಭರವಸೆ ಎಷ್ಟು ಮಟ್ಟಿಗೆ ಫಲಿಸಿತೆಂಬುದನ್ನು ನೋಡುವ ಮೊದಲು, ಯಂತ್ರವು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿಯುವುದು ಉಚಿತ.

ಇದರ ಹುಟ್ಟು ನಮ್ಮ ಮಾಗಡಿ ರಸ್ತೆಯ ಸಣ್ಣ ಕಾರ್ಖಾನೆಗಳ ಮಾಲೀಕರಿಗೆ ಮೆಚ್ಚಿಗೆಯಾಗುವಂಥದು. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ 1949-50ರ ಚಳಿಗಾಲ ಹಿಮವಿಲ್ಲದೆ ಕಳೆಯುತ್ತಿದ್ದಾಗ, ಮೊಹಾಕ್ ಬೆಟ್ಟದ ಸ್ಕೀ ಅಂಗಳದ ಒಡೆಯ ವಾಲ್ಟರ್ ಶೋನೆಕ್ಟ್ ಎಂಬಾತನು ನೂರಾರು ಟನ್ ಮಂಜುಗಡ್ಡೆಯನ್ನು ಲಾರಿಗಳಲ್ಲಿ ತರಿಸಿ, ಪುಡಿಮಾಡಿ, ಇಳಿಜಾರಿನ ಮೇಲೆ ಹರಡಿಸಿದನು. ಅದೇ ಸೀಮೆಯಲ್ಲಿ ಸ್ಕೀ ಹಲಗೆಗಳನ್ನು ತಯಾರಿಸುತ್ತಿದ್ದ ವೇಯ್ನ್ ಪಿಯರ್ಸ್, ಆರ್ಟ್ ಹಂಟ್, ಡೇವ್ ರಿಚಿ ಎಂಬ ಮೂವರು, ಹಿಮವಿಲ್ಲದ ಮೇಲೆ ಹಲಗೆಯನ್ನು ಕೊಳ್ಳುವವರಾರೆಂಬ ಚಿಂತೆಯಲ್ಲಿ, ಬಣ್ಣ ಹೊಡೆಯುವ ಒಂದು ಕಂಪ್ರೆಸರು, ಒಂದು ನಾಜಲು, ತೋಟಕ್ಕೆ ನೀರು ಹಾಯಿಸುವ ಒಂದಷ್ಟು ರಬ್ಬರ್ ಕೊಳವೆ, ಇಷ್ಟನ್ನೇ ಜೋಡಿಸಿ 1950ರ ಮಾರ್ಚ್ ತಿಂಗಳಲ್ಲಿ ಮೊದಲ ಹಿಮವನ್ನು ಸುರಿಸಿದರು. 1954ರಲ್ಲಿ ಅವರಿಗೆ ಪೇಟೆಂಟು ದೊರೆಯಿತು. ಅದಕ್ಕೂ ನೂರು ವರ್ಷ ಮೊದಲು ಅದೇ ಪೂರ್ವ ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು, ಹಡಗಿನಲ್ಲಿ ಕಲ್ಕತ್ತೆಗೂ ಮದರಾಸಿಗೂ ತಂದು ಮಾರುತ್ತಿದ್ದರೆಂಬುದನ್ನು ನೆನೆದರೆ, ಚಳಿಯನ್ನು ಸರಕಾಗಿಸುವುದರಲ್ಲಿ ಆ ಜನರ ಜಾಣ್ಮೆ ಹೊಸತಲ್ಲವೆಂದು ತೋರುತ್ತದೆ.

ಬಣ್ಣ ಹೊಡೆಯುವ ಯಂತ್ರದಿಂದ ಹಿಮದ ಯಂತ್ರ ಹುಟ್ಟಿತೆಂಬುದು ಎಷ್ಟರಮಟ್ಟಿಗೆ ನಿಜವೆಂದು ತಿಳಿಯುವ ಕುತೂಹಲದಿಂದ, ಕಾಮಾಕ್ಷಿಪಾಳ್ಯದಲ್ಲಿ ಬೀರು, ಕಿಟಕಿ ಗ್ರಿಲ್ಲುಗಳಿಗೆ ಬಣ್ಣ ಹೊಡೆಯುವ ಒಂದು ಶೆಡ್ಡಿಗೆ ಹೋಗಿ, ಅಲ್ಲಿಯ ಮೇಸ್ತ್ರಿಗೆ ಸ್ನೋ ಗನ್ನಿನ ಚಿತ್ರವನ್ನು ತೋರಿಸಿದೆನು. ಆತನು ಕೈಯಲ್ಲಿದ್ದ ಗನ್ನಿನ ಹಿತ್ತಾಳೆಯ ಮೂತಿಯನ್ನು ಬಿಚ್ಚಿ, ತಿನ್ನರಿನ ಡಬ್ಬಿಯಲ್ಲಿ ಅದ್ದಿ, ತೆಳುವಾದ ತಂತಿಯಿಂದ ಅದರ ಕಣ್ಣನ್ನು ಚುಚ್ಚಿ, ಬೆಳಕಿಗೆ ಹಿಡಿದು ನೋಡುತ್ತಲೇ ಉತ್ತರ ಕೊಟ್ಟನು: “ನಮ್ಮ ಗನ್ನೇ ಅಲ್ವಾ ಸಾರ್ ಇದು. ಬಣ್ಣದ ಬದಲು ನೀರು ಬಿಟ್ಟವ್ರೆ.” ಸ್ವಲ್ಪ ತಡೆದು, ನೆಲದ ಮೇಲಿದ್ದ ಕಂಪ್ರೆಸರಿನ ಟ್ಯಾಂಕನ್ನು ಕಾಲಿನಿಂದ ತೋರಿಸಿ, “ಇದರೊಳಗೆ ಗಾಳಿ ಜೊತೆ ನೀರು ಕೂತ್ಕೊಳ್ತದೆ. ದಿನಾ ಬೆಳಿಗ್ಗೆ ಅಡಿಯ ಕಾಕು ಬಿಚ್ಚಿ ಬಿಡ್ಬೇಕು, ಇಲ್ಲಾಂದ್ರೆ ಬಣ್ಣದಲ್ಲಿ ಗುಳ್ಳೆ ಬರ್ತದೆ. ಅಲ್ಲಿ ಚಳೀಲಿ ಅದು ಪೈಪೊಳಗೇ ಗಡ್ಡೆ ಕಟ್ಟಲ್ವಾ?” ಎಂದು ಕೇಳಿದನು. ಹಿಮವನ್ನು ಎಂದೂ ಕಾಣದ ಆ ಮನುಷ್ಯನು, ಸ್ಕೀ ಅಂಗಳದ ಯಂತ್ರಸಿಬ್ಬಂದಿಯ ಮುಖ್ಯ ತಲೆನೋವುಗಳಲ್ಲಿ ಒಂದನ್ನು ನಿಂತ ನಿಲುವಿನಲ್ಲಿ ಹೇಳಿಬಿಟ್ಟಿದ್ದನು. ಗಾಳಿಯ ಕೊಳವೆಯಲ್ಲಿ ಸೇರಿದ ತೇವವು ಹೆಪ್ಪುಗಟ್ಟಿ ದಾರಿ ಮುಚ್ಚುವುದು, ಕೊಳದ ರಾಡಿಯು ನಾಜಲಿನ ಕಣ್ಣಿನಲ್ಲಿ ಸಿಕ್ಕಿಕೊಳ್ಳುವುದು, ಇವೇ ಅಲ್ಲಿಯ ನಿತ್ಯದ ಉಪದ್ರವಗಳು.

ಯಂತ್ರ ಇಷ್ಟು ಸರಳವಾದರೆ ಔಲಿಯಲ್ಲಿ ಹಿಮವೇಕೆ ಬರಲಿಲ್ಲವೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮುಖ್ಯ ಸಂಗತಿಯೆಂದರೆ ಈ ಯಂತ್ರದಲ್ಲಿ ಚಳಿಯನ್ನು ಉಂಟುಮಾಡುವ ಅಂಗವೇ ಇಲ್ಲ. ಮನೆಯ ಫ್ರಿಜ್ಜಿಗೂ ಇದಕ್ಕೂ ಸಂಬಂಧವಿಲ್ಲ. ನೀರನ್ನು ಅತಿ ಸಣ್ಣ ಹನಿಗಳಾಗಿ ಒಡೆದು ಗಾಳಿಗೆ ಎಸೆಯುವುದಷ್ಟೇ ಇದರ ಕೆಲಸ. ಹನಿಯು ನೆಲ ಮುಟ್ಟುವುದರೊಳಗೆ ಅದನ್ನು ಹೆಪ್ಪುಗಟ್ಟಿಸುವ ಹೊಣೆ ಸುತ್ತಲಿನ ಗಾಳಿಯದು. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ಮೈಯಿಂದ ನೀರು ಒಸರಿ ಆರುವಾಗ ಒಳಗಿನ ನೀರು ತಣ್ಣಗಾಗುವಂತೆ, ಹಾರುವ ಹನಿಯೂ ತನ್ನ ಮೈಯ ಅಲ್ಪಾಂಶವನ್ನು ಆವಿಗೆ ಬಿಟ್ಟುಕೊಟ್ಟು ಉಳಿದ ಅಂಶವನ್ನು ತಣಿಸಿಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ಆರುನೂರು ಕ್ಯಾಲರಿ ಶಾಖ ಬೇಕು. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಹೊರಗೆ ಬಿಡುವುದು ಎಂಬತ್ತು ಕ್ಯಾಲರಿ. ಆದ ಕಾರಣ ಒಂದು ಪಾಲು ಆರಿದರೆ ಏಳು ಪಾಲು ಗಟ್ಟಿಯಾಗುವ ಶಕ್ಯತೆ ಪ್ರಕೃತಿಯ ಲೆಕ್ಕದಲ್ಲಿಯೇ ಇದೆ.

ಆದರೆ ಆರುವುದಕ್ಕೆ ಗಾಳಿ ಒಣಗಿರಬೇಕಷ್ಟೆ. ಅದರಿಂದಲೇ ಈ ಕಸುಬಿನವರು ಸಾಮಾನ್ಯ ಉಷ್ಣಮಾಪಕವನ್ನು ನಂಬುವುದಿಲ್ಲ; ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ತೋರಿಸುವ ಅಂಕಿಯನ್ನು ನೋಡುತ್ತಾರೆ. ಅದು ಸೊನ್ನೆಗಿಂತ ಎರಡು ಎರಡೂವರೆ ಡಿಗ್ರಿ ಕೆಳಗಿಳಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡುವುದು ವಾಡಿಕೆ. ಗಾಳಿ ಚೆನ್ನಾಗಿ ಒಣಗಿದ್ದರೆ ಸಾಮಾನ್ಯ ಮಾಪಕ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದಾಗಲೂ ಹಿಮವಾದೀತು. ಮೋಡ ಮುಸುಕಿ ತೇವ ತುಂಬಿದ್ದರೆ ಸೊನ್ನೆಯಲ್ಲಿಯೂ ಆಗದು, ಬರಿಯ ತುಂತುರು ಮಳೆಯೇ ಬೀಳುತ್ತದೆ. ಇನ್ನೊಂದು ತೊಡಕೆಂದರೆ, ಅತಿ ಸೂಕ್ಷ್ಮವಾದ ಶುದ್ಧ ನೀರಿನ ಹನಿಯು ಸೊನ್ನೆಯಲ್ಲಿ ಹೆಪ್ಪುಗಟ್ಟುವುದೇ ಇಲ್ಲ. ಹಿಡಿದು ನಿಲ್ಲಲು ಒಂದು ಕಣ ಸಿಕ್ಕದಿದ್ದರೆ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಕ್ಕೆ ಇಳಿದರೂ ನೀರಾಗಿಯೇ ಉಳಿಯಬಲ್ಲದು. ಜಪಾನಿನ ಉಕಿಚಿರೊ ನಕಾಯ ಎಂಬ ವಿಜ್ಞಾನಿ 1936ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ಶೀತಲಕೋಣೆಯಲ್ಲಿ ಪ್ರಪಂಚದ ಮೊದಲ ಕೃತಕ ಹಿಮಸ್ಫಟಿಕವನ್ನು ಬೆಳೆಸಿದ್ದು ಒಂದು ಮೊಲದ ಕೂದಲಿನ ತುದಿಯಲ್ಲಿ. 2017ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರವು ‘ವರ್ಷಧಾರೆ’ಯೆಂಬ ಹೆಸರಿನಲ್ಲಿ ಜಕ್ಕೂರಿನಿಂದ ವಿಮಾನ ಹಾರಿಸಿ ಮೋಡ ಬಿತ್ತನೆ ನಡೆಸಿದಾಗ ಅನುಸರಿಸಿದ್ದೂ ಆಕಾಶದ ನೀರಿಗೆ ಹಿಡಿಯಲೊಂದು ಕಣವನ್ನು ಒದಗಿಸುವ ಇಂಥದೇ ತತ್ತ್ವವನ್ನು. ಅಲ್ಲಿಯೂ ಮೋಡವು ಮೊದಲೇ ಇರಬೇಕಾಗಿತ್ತು, ಇಲ್ಲಿಯೂ ಚಳಿಯು ಮೊದಲೇ ಇರಬೇಕು.

ಇನ್ನು ನೀರಿನ ಲೆಕ್ಕ. ಆಕಾಶದಿಂದ ಹೊಸತಾಗಿ ಬಿದ್ದ ಹಿಮವು ಹಿಂಜಿದ ಅರಳೆಯಷ್ಟು ಹಗುರ. ಯಂತ್ರದ ಹಿಮವು ಆರು ತೋಳಿನ ಹೂವಲ್ಲ, ದುಂಡನೆಯ ಮಂಜಿನ ಕಾಳು, ಘನಮೀಟರಿಗೆ ನಾನೂರರಿಂದ ಐನೂರು ಕಿಲೋ ತೂಗುವಂಥದು. ಒಂದು ಎಕರೆ ಇಳಿಜಾರಿಗೆ ಒಂದಡಿ ದಪ್ಪ ಈ ಹಿಮವನ್ನು ಹೊದಿಸಬೇಕಾದರೆ ಐದೂವರೆ ಲಕ್ಷ ಲೀಟರಿನಷ್ಟು ನೀರು ಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಆರು ಸಾವಿರ ಲೀಟರಿನ ಟ್ಯಾಂಕರಿಗಾಗಿ ಬೀದಿಯಲ್ಲಿ ಕಾದು ನಿಂತ ನಮ್ಮ ಜನರಿಗೆ ಅರ್ಥವಾಗುವಂತೆ ಹೇಳುವುದಾದರೆ, ಅದು ತೊಂಬತ್ತು ಟ್ಯಾಂಕರಿಗೂ ಮಿಕ್ಕಿದ ನೀರು. ಗಾಳಿ ಹೊತ್ತೊಯ್ದದ್ದು, ಆವಿಯಾದದ್ದು ಬೇರೆ. ಒಂದು ಸ್ಕೀ ಹಾದಿಯೆಂದರೆ ಒಂದೆಕರೆಯಲ್ಲ, ಹತ್ತಾರು ಎಕರೆ. ಬೆಟ್ಟದ ತುದಿಯ ಕೊಳಕ್ಕೆ ಮಳೆ, ಒರತೆಗಳಿಂದ ಎಷ್ಟು ನೀರು ಕೂಡಿತೋ ಅಷ್ಟೇ ಆ ವರ್ಷದ ಬಂಡವಾಳ.

ಚಳಿಯೂ ನೀರೂ ಕೂಡಿಬಂದ ರಾತ್ರಿಯ ಕೆಲಸವನ್ನು ನೋಡೋಣ. ಸಾಮಾನ್ಯವಾಗಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಕೆಲವೇ ಗಂಟೆಗಳು ಅನುಕೂಲ. ಪಂಪು ನೀರನ್ನು ಮೇಲೆ ಒತ್ತುತ್ತದೆ, ಸಿಬ್ಬಂದಿಯು ಒಂದೊಂದು ಗನ್ನಿನ ಬಳಿಗೂ ನಡೆದುಹೋಗಿ ಅದರ ಮುಂದೆ ಕೋಟಿನ ತೋಳನ್ನು ಚಾಚಿ ನಿಲ್ಲುತ್ತದೆ: ತೋಳಿನ ಮೇಲೆ ಬಿದ್ದ ಕಾಳು ಪುಟಿದು ಉದುರಿದರೆ ಹಿಮ ಒಣಗಿದೆ, ನೀರನ್ನು ಇನ್ನಷ್ಟು ಬಿಡಬಹುದು, ಅಂಟಿಕೊಂಡು ಬಟ್ಟೆ ನೆನೆದರೆ ನೀರು ಹೆಚ್ಚಾಗಿದೆ, ವಾಲ್ವನ್ನು ತಿರುವಿ ತಗ್ಗಿಸಬೇಕು. ಕಂಪ್ಯೂಟರಿನಿಂದ ನಡೆಯುವ ಈಗಿನ ಯಂತ್ರಗಳ ಕಾಲದಲ್ಲಿಯೂ ಈ ತೋಳಿನ ಪರೀಕ್ಷೆಯನ್ನು ಬಲ್ಲವರು ಬಿಟ್ಟಿಲ್ಲ. ಈ ನಡುವೆ ಕರೆಂಟು ಹೋಯಿತೆನ್ನಿ. ಪಂಪು ನಿಂತ ಕೂಡಲೇ ಕೊಳವೆಗಳಲ್ಲಿ ಉಳಿದ ನೀರನ್ನು ಬಸಿದುಬಿಡಬೇಕು. ಬಸಿಯುವುದು ತಡವಾದರೆ ನೀರು ಹೆಪ್ಪುಗಟ್ಟಿ, ಹಿಗ್ಗಿ, ಕೊಳವೆಯನ್ನೋ ವಾಲ್ವನ್ನೋ ಸೀಳುತ್ತದೆ. ಸೀಳಿದ ಭಾಗಕ್ಕೆ ಬದಲಿಯು ಸಮುದ್ರದಾಚೆಯಿಂದ ಬರಬೇಕು. ಅದು ಬಂದು ಬೆಟ್ಟ ಹತ್ತುವ ಹೊತ್ತಿಗೆ ಚಳಿಗಾಲವೇ ಮುಗಿದಿರುತ್ತದೆ. ವರ್ಷಕ್ಕೆ ಹತ್ತು ತಿಂಗಳು ಸುಮ್ಮನೆ ನಿಲ್ಲುವ ಯಂತ್ರದ ಗತಿಯೇ ಹೀಗೆ. ಓಡುವ ಮೋಟಾರಿಗಿಂತ ನಿಂತ ಮೋಟಾರೇ ಬೇಗ ಕೆಡುತ್ತದೆಂಬುದನ್ನು ರಾಜಾಜಿನಗರದಲ್ಲಿ ಕಾಯಿಲ್ ಕಟ್ಟುವ ಯಾವ ರಿವೈಂಡಿಂಗ್ ಅಂಗಡಿಯವನೂ ಹೇಳಿಯಾನು.

ಔಲಿಯ ಚರಿತ್ರೆ ಚಳಿಯ ಕೊರತೆ, ಯಂತ್ರದ ಆರೈಕೆಯ ಕೊರತೆ, ಈ ಎರಡರ ನಡುವೆ ಸಿಕ್ಕಿಕೊಂಡಿದೆ. 2018ರ ಜನವರಿಗೆ ಗೊತ್ತಾಗಿದ್ದ ಅಂತರರಾಷ್ಟ್ರೀಯ ಸ್ಪರ್ಧೆ ಹಿಮವಿಲ್ಲದೆ ರದ್ದಾಯಿತು. 2023ರ ಫೆಬ್ರವರಿಯ ರಾಷ್ಟ್ರೀಯ ಕೂಟಕ್ಕೂ ಅದೇ ಗತಿ. ಅದೇ ವರ್ಷದ ಜನವರಿಯಲ್ಲಿ ಜೋಶಿಮಠದ ನೆಲವೇ ಕುಸಿಯತೊಡಗಿ, 1990ರ ದಶಕದಿಂದ ಪಟ್ಟಣವನ್ನೂ ಔಲಿಯನ್ನೂ ಕೂಡಿಸಿದ್ದ ನಾಲ್ಕು ಕಿಲೋಮೀಟರಿನ ರೋಪ್‌ವೇ ಸಹ ನಿಂತುಹೋಯಿತು. 2025ರಲ್ಲಿಯೂ ಕೂಟವನ್ನು ಮುಂದೂಡಬೇಕಾಯಿತು. ಪ್ರತಿಸಲವೂ ಪತ್ರಿಕೆಗಳಲ್ಲಿ ಒಂದೇ ವಾದ ಮರುಕಳಿಸುತ್ತದೆ: ಯಂತ್ರಗಳು ಕೆಟ್ಟು ನಿಂತಿವೆಯೆಂದು ಒಂದು ಕಡೆಯವರು, ಯಂತ್ರ ನಡೆಸುವಷ್ಟು ಚಳಿಯೇ ಬೀಳಲಿಲ್ಲವೆಂದು ಇನ್ನೊಂದು ಕಡೆಯವರು. ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ರೋಗದ ಎರಡು ಲಕ್ಷಣಗಳು. ಚಳಿ ವಿರಳವಾದಷ್ಟೂ ಯಂತ್ರ ಓಡುವ ರಾತ್ರಿಗಳು ಕಡಮೆಯಾಗುತ್ತವೆ. ಓಡದ ಯಂತ್ರ ಕೆಡುತ್ತದೆ. ಅಪರೂಪಕ್ಕೆ ಒಂದು ಒಳ್ಳೆಯ ರಾತ್ರಿ ಬಂದಾಗ ಕೆಟ್ಟ ಯಂತ್ರ ಏಳುವುದಿಲ್ಲ. 2011ರ ಅದೇ ಕ್ರೀಡಾಕೂಟಕ್ಕೆಂದು ಡೆಹ್ರಾಡೂನಿನಲ್ಲಿ ಕಟ್ಟಿದ ಹಿಮಾದ್ರಿ ಐಸ್ ರಿಂಕು ಮುಚ್ಚಿದ ಕೋಣೆಯೊಳಗಿನದು, ಅಲ್ಲಿ ಹವೆಯ ನೆವ ಹೇಳುವಂತಿರಲಿಲ್ಲ. ಆದರೂ ಅದು ವರ್ಷಾನುಗಟ್ಟಲೆ ಬೀಗ ಹಾಕಿಕೊಂಡು ಬಿದ್ದಿದ್ದು, 2025ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಕೊಳ್ಳುವಾಗ ಇರುವ ಉತ್ಸಾಹವು ಕಾಪಾಡುವಾಗ ಇರುವುದಿಲ್ಲವೆಂಬ ದೂರನ್ನು ಹವೆಯ ತಲೆಯ ಮೇಲೆ ಹೊರಿಸಲಾಗದು.

ಇದು ಪ್ರವಾಸಿಗಳ ವಿನೋದದ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಕೊಡಗಿನ ನಾಪೋಕ್ಲು ಸೀಮೆಯ ತೆಕ್ಕಡ ಭವಾನಿಯವರು, ಹಿಮವೇ ಬೀಳದ ನಾಡಿನಲ್ಲಿ ಹುಟ್ಟಿ, ಹಿಮದ ಬಯಲಿನಲ್ಲಿ ಸ್ವಂತ ತೋಳು ಕಾಲುಗಳ ಬಲದಿಂದಲೇ ಮುನ್ನುಗ್ಗಬೇಕಾದ ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ, ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ ಐದು ಕಿಲೋಮೀಟರ್ ವಿಭಾಗದಲ್ಲಿ ಕಂಚಿನ ಪದಕ ಗಳಿಸಿದರು; ಈ ಕ್ರೀಡೆಯಲ್ಲಿ ಅಂತರರಾಷ್ಟ್ರೀಯ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. 2024ರ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಸೇನೆಯ ತಂಡದ ಬೆನ್ನಿಗೇ ಎರಡನೆಯ ಸ್ಥಾನದಲ್ಲಿ ನಿಂತದ್ದು ಕರ್ನಾಟಕ. ಮರುವರ್ಷ ಗುಲ್ಮಾರ್ಗದಲ್ಲಿ ಫೆಬ್ರವರಿ 22ರಿಂದ ಆರಂಭವಾಗಬೇಕಾಗಿದ್ದ ಸ್ಪರ್ಧೆಗಳು ಸಾಕಷ್ಟು ಹಿಮವಿಲ್ಲದೆ ಮಾರ್ಚ್ 9ಕ್ಕೆ ಹೋದವು. ಎರಡು ವಾರಗಳ ಮುಂದೂಡಿಕೆಯೆಂದರೆ ಹಿಮದ ನಾಡಿನವನಿಗೆ ಇನ್ನಷ್ಟು ಅಭ್ಯಾಸ. ಸಾವಿರಾರು ಕಿಲೋಮೀಟರಿನಿಂದ ರಜೆ ಹಾಕಿ, ರೈಲು ಹಿಡಿದು, ಬಾಡಿಗೆ ಕೋಣೆಯಲ್ಲಿ ಕಾಯತಕ್ಕ ನಮ್ಮ ಹುಡುಗ ಹುಡುಗಿಯರಿಗೆ ಅದು ನೇರವಾಗಿ ಕೈಯ ಹಣ.

ಹೊರದೇಶಗಳಲ್ಲಿ ಯಂತ್ರ ಸಫಲವಾಗಿಲ್ಲವೇ ಎಂದರೆ, ಆಗಿದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುಮಟ್ಟಿಗೆ ಪೂರ್ತಿಯಾಗಿ ಕೃತಕ ಹಿಮದ ಮೇಲೆಯೇ ನಡೆಯಿತು. ಆದರೆ ಅಲ್ಲಿ ಮಳೆ ಹಿಮಗಳು ಕಡಮೆಯಿದ್ದರೂ ಗಾಳಿ ಒಣಗಿತ್ತು, ಚಳಿ ಕಡುವಾಗಿತ್ತು. ನೂರಾರು ಗನ್ನುಗಳು ಒಟ್ಟಿಗೆ ಓಡಿದವು. ಸ್ವಿಟ್ಸರ್ಲೆಂಡಿನ ದಾವೋಸಿನವರು ಇನ್ನೂ ಸೊಗಸಾದ ಮಿತವ್ಯಯವನ್ನು ಕಂಡುಕೊಂಡಿದ್ದಾರೆ: ಒಳ್ಳೆಯ ಚಳಿಯ ದಿನಗಳಲ್ಲಿ ಮಾಡಿದ ಹಿಮವನ್ನು ರಾಶಿ ಹಾಕಿ, ಮೇಲೆ ಮರದ ಹೊಟ್ಟನ್ನು ದಪ್ಪವಾಗಿ ಹೊದಿಸಿ, ಬೇಸಿಗೆಯನ್ನು ದಾಟಿಸಿ, ಮುಂದಿನ ಋತುವಿನ ಆರಂಭಕ್ಕೆ ಹರಡುತ್ತಾರೆ. ಕಲ್ಕತ್ತೆಗೆ ಬರುತ್ತಿದ್ದ ಹಡಗುಗಳ ಉಪಾಯವೇ ಇದು. ಔಲಿಯಂಥ ಸಣ್ಣ ಅಂಗಳಕ್ಕೆ ಹೊಸ ಗನ್ನುಗಳನ್ನು ಕೊಳ್ಳುವುದಕ್ಕಿಂತ ಮೊದಲು ಇಂಥ ಒಂದು ರಾಶಿಯನ್ನೂ, ಹನ್ನೆರಡು ತಿಂಗಳ ಸಂಬಳದ ಇಬ್ಬರು ಫಿಟ್ಟರುಗಳನ್ನೂ ಪರೀಕ್ಷಿಸಿ ನೋಡುವುದು ವಿವೇಕವೆಂದು ನನಗೆ ತೋರುತ್ತದೆ. ನಮ್ಮ ರಾಜ್ಯದ ಮಟ್ಟಿಗೆ ಬೇಕಾಗಿರುವುದು ಹಿಮದ ಯಂತ್ರವಲ್ಲ. ಗಾಲಿ ಕಟ್ಟಿದ ಸ್ಕೀಗಳಲ್ಲಿ ಡಾಂಬರಿನ ಮೇಲೆಯೇ ವರ್ಷವಿಡೀ ಅಭ್ಯಾಸ ಮಾಡುವುದು ಈ ಕ್ರೀಡೆಯ ಅಂಗೀಕೃತ ಪದ್ಧತಿಯಾಗಿರುವುದರಿಂದ, ಲಾರಿ ಬಸ್ಸುಗಳ ಕಾಟವಿಲ್ಲದ ಎರಡು ಮೂರು ಕಿಲೋಮೀಟರಿನ ಏರಿಳಿತದ ನುಣುಪು ದಾರಿಯೊಂದನ್ನು ಕೊಡಗಿನಲ್ಲೋ ಕೆಂಗೇರಿಯ ಆಚೆಯ ಗುಡ್ಡದ ಮಗ್ಗುಲಿನಲ್ಲೋ ಕ್ರೀಡಾ ಇಲಾಖೆಯು ಮಾಡಿಕೊಟ್ಟರೆ ಸಾಕು.

ಇನ್ನು ಡಿಸೆಂಬರಿನ ಟಿಕೆಟ್ಟನ್ನು ಕೈಯಲ್ಲಿ ಹಿಡಿದಿರುವ ಗೃಹಸ್ಥರಿಗೆ ಒಂದು ಮಾತು. ಪಶ್ಚಿಮ ಹಿಮಾಲಯಕ್ಕೆ ಹಿಮವನ್ನು ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಚಳಿಗಾಲದ ಮಾರುತಗಳು. ನವೆಂಬರ್, ಡಿಸೆಂಬರುಗಳು ಅಲ್ಲಿ ಬಹುತೇಕ ಒಣ ತಿಂಗಳುಗಳು, ಹಿಮದ ಮುಖ್ಯ ಕಾಲ ಜನವರಿಯ ಕೊನೆಯಿಂದ ಮಾರ್ಚಿನ ಆರಂಭದವರೆಗೆ. ಮಕ್ಕಳ ರಜೆಗೆ ಇದು ಹೊಂದುವುದಿಲ್ಲವೆಂಬುದು ನಿಜ. ಆದರೂ ಹಿಮವನ್ನೇ ನೋಡಬೇಕೆಂದಿದ್ದರೆ ಫೆಬ್ರವರಿಯಲ್ಲಿ ನಾಲ್ಕು ದಿನ ಶಾಲೆ ಬಿಡಿಸಿ ಹೋಗಿಬನ್ನಿ, ಹೊರಡುವ ಮುನ್ನ ತಂಗಲಿರುವ ಹೋಟೆಲಿನವರಿಗೆ ಫೋನು ಮಾಡಿ ಇಳಿಜಾರಿನಲ್ಲಿ ಎಷ್ಟು ಹಿಮವಿದೆಯೆಂದು ಕೇಳಿಕೊಳ್ಳಿ, ಅಲ್ಲಿ ಯಂತ್ರವಿದೆಯೆಂಬ ಧೈರ್ಯದ ಮೇಲೆ ಮಾತ್ರ ಟಿಕೆಟ್ಟು ಮಾಡಿಸಬೇಡಿ.